ಹಾಡು ಅದೇ, ಕೇಳುವ ವಯಸ್ಸು ಬೇರೆ

“ಉಸ್ತಾದರೇ, ಅರ್ಥ ಗೊತ್ತಿಲ್ಲದ ಅರಬಿ ಬೈತ್ ಮಕ್ಕಳಿಗೆ ಯಾಕೆ ಕಲಿಸ್ತೀರಿ? ಆ ಹೊತ್ತಲ್ಲಿ ಇನ್ನೊಂದು ಪಾಠ ಮಾಡಬಾರದಾ?”

ತುಮಕೂರು ಕಡೆ ಮದ್ರಸದಲ್ಲಿ ಕಲಿಸುವ ನಮ್ಮಂಥವರಿಗೆ ಈ ಪ್ರಶ್ನೆ ಹೊಸತಲ್ಲ. ಕೇಳುವವರನ್ನು ದೂರುವುದಕ್ಕೂ ಆಗುವುದಿಲ್ಲ. ಬೆಳಿಗ್ಗೆ ಮದ್ರಸ, ಅದು ಮುಗಿಯುವಾಗಲೇ ಶಾಲೆಯ ವ್ಯಾನ್, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್. ಮಗುವಿಗೆ ಸಿಗುವುದೇ ಗಂಟೆ, ಒಂದೂವರೆ ಗಂಟೆ. ಅದರಲ್ಲಿ ಹಾಡಿಗೆ ಕಾಲು ಗಂಟೆ ಹೋದರೆ ತಂದೆ ತಾಯಿಗೆ ಲೆಕ್ಕ ಬಂದೇ ಬರುತ್ತದೆ.

ನಮ್ಮ ಉತ್ತರ ಇಷ್ಟೇ. ಹಾಡು ಮೊದಲು ಬರುತ್ತದೆ, ಅರ್ಥ ಆಮೇಲೆ ಬರುತ್ತದೆ. ಕೆಲವು ಅರ್ಥ ಮರುದಿನ ಬರುತ್ತದೆ, ಕೆಲವು ಇಪ್ಪತ್ತು ವರ್ಷ ಬಿಟ್ಟು ಬರುತ್ತದೆ. ಆದರೆ ಅರ್ಥ ಬರುವ ದಿನ ಹಾಡು ಬಾಯಲ್ಲಿ ಇರಬೇಕು, ಇಲ್ಲದಿದ್ದರೆ ಅರ್ಥ ಬಂದು ಕೂರುವುದಾದರೂ ಎಲ್ಲಿ? ಈ ಮಾತಿಗೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಬುರ್ದಾಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಹಾಸಿಗೆ ಹಿಡಿದ ಕವಿಯ ಹಾಡು

ಬುರ್ದಾ ಬರೆದವರು 13ನೇ ಶತಮಾನದ ಈಜಿಪ್ಟಿನ ಇಮಾಂ ಮುಹಮ್ಮದ್ ಅಲ್ ಬೂಸೀರಿ. ಅವರು ಸರಕಾರಿ ಕಚೇರಿಯಲ್ಲಿ ಬರವಣಿಗೆಯ ಕೆಲಸ ಮಾಡಿದವರು, ಅಧಿಕಾರದಲ್ಲಿದ್ದವರನ್ನು ಹೊಗಳಿ ಪದ್ಯ ಬರೆದವರು. ಒಂದು ದಿನ ಪಾರ್ಶ್ವವಾಯು ಬಡಿದು ಅರ್ಧ ದೇಹವೇ ಬಿದ್ದುಹೋಯಿತು. ಆ ಸ್ಥಿತಿಯಲ್ಲಿ ಪ್ರವಾದಿ ಮುಹಮ್ಮದ್ (ಸ.ಅ.) ಅವರ ಮೇಲೆ ಒಂದು ಮದ್‌ಹ್ ಕಟ್ಟಿದರು. ಅತ್ತು ಅತ್ತು ಅದನ್ನು ಹಾಡಿ ಮಲಗಿದರು. ಕನಸಿನಲ್ಲಿ ಪ್ರವಾದಿಯವರು ಬಂದು ಮೈ ಸವರಿದರು, ತಮ್ಮ ಹೊದಿಕೆಯನ್ನು ಹೊದಿಸಿದರು, ಎದ್ದಾಗ ಕಾಲು ನಡೆಯುತ್ತಿತ್ತು ಎಂದು ಅವರೇ ಹೇಳಿಕೊಂಡದ್ದಾಗಿ ಹಿರಿಯರು ದಾಖಲಿಸಿದ್ದಾರೆ. ‘ಬುರ್ದಾ’ ಎಂದರೆ ಹೊದಿಕೆ. ಹಾಡಿಗೆ ಆ ಹೆಸರು ಬಂದದ್ದು ಹೀಗೆ.

ಇದಕ್ಕೂ ಮುಂಚೆ ಇನ್ನೊಂದು ಬುರ್ದಾ ಉಂಟು. ಪ್ರವಾದಿಯವರ ಕಾಲದಲ್ಲೇ ಕಅಬ್ ಬಿನ್ ಝುಹೈರ್ ಎಂಬ ಕವಿ ಕ್ಷಮೆ ಬೇಡಿ ಬಂದು ಅವರ ಮುಂದೆ ಕವನ ಓದಿದಾಗ, ಪ್ರವಾದಿಯವರು ಮೈಮೇಲಿದ್ದ ಹೊದಿಕೆಯನ್ನೇ ತೆಗೆದು ಕೊಟ್ಟರು. ಹಸ್ಸಾನ್ ಬಿನ್ ಸಾಬಿತ್ (ರ) ಅವರಿಗೆ ಕವನ ಹೇಳಲು ಮಸೀದಿಯಲ್ಲೇ ಮಿಂಬರ್ ಇಟ್ಟುಕೊಟ್ಟಿದ್ದರು. ಆದುದರಿಂದ ಒಳ್ಳೆಯ ಹಾಡಿಗೆ ನಮ್ಮ ದೀನಿನಲ್ಲಿ ಜಾಗ ಇದೆಯಾ ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗಿಲ್ಲ.

ಒಂದು ಮಾತನ್ನು ಮಕ್ಕಳಿಗೂ ಹೇಳಿಕೊಡುತ್ತೇವೆ. ಬುರ್ದಾ ಕುರ್‌ಆನ್ ಅಲ್ಲ, ಹದೀಸೂ ಅಲ್ಲ. ಒಬ್ಬ ರೋಗಿ, ಒಬ್ಬ ಗುಲಾಮ, ತನ್ನ ನಬಿಯ ಪ್ರೀತಿಯಲ್ಲಿ ಹಾಡಿದ ಹಾಡು. ಕುರ್‌ಆನ್ ಪಾಠ ಬಿಟ್ಟು ಬುರ್ದಾ ಕಲಿಸುವ ಉಸ್ತಾದರು ಎಲ್ಲೂ ಇಲ್ಲ.

ಅದರಲ್ಲಿ ಹತ್ತು ಅಧ್ಯಾಯ ಉಂಟು, ಸುಮಾರು 160 ಸಾಲು. ಪ್ರತಿ ಸಾಲೂ ‘ಮೀಂ’ ಅಕ್ಷರದಲ್ಲಿ ಮುಗಿಯುತ್ತದೆ. ಅರಬಿ ಬಾರದ ಮಗುವಿಗೂ ಎರಡು ತಿಂಗಳಲ್ಲಿ ಅದು ಬಾಯಿಗೆ ಹತ್ತುವುದು ಈ ಪ್ರಾಸದಿಂದಲೇ. ಒಬ್ಬರು ಸಾಲು ಹೇಳಬೇಕು, ನಡುನಡುವೆ ಸ್ವಲಾತನ್ನು ಎಲ್ಲರೂ ಸೇರಿ ಹೇಳಬೇಕು. ಸಾಲು ಮರೆತವನಿಗೂ ಅಲ್ಲೊಂದು ಪಾಲು ಉಂಟು.

ಘಟ್ಟ ಹತ್ತಿ ಬಂದದ್ದು

ಕರಾವಳಿಯಿಂದ ಶಿರಾಡಿ ಹತ್ತಿ ಸಕಲೇಶಪುರ, ಹಾಸನ ದಾಟಿ ಬಂದರೆ ಕುಣಿಗಲ್ ಸಿಗುತ್ತದೆ. ಚಾರ್ಮಾಡಿ ಹತ್ತಿ ಮೂಡಿಗೆರೆ, ಬೇಲೂರು, ತಿಪಟೂರು ಕಡೆಯಿಂದ ಬಂದರೆ ಗುಬ್ಬಿ ಸಿಗುತ್ತದೆ. ನಮ್ಮವರು ಬೇಕರಿ, ಹೋಟೆಲ್, ಅಡಿಕೆ, ತೆಂಗು ಎಂದು ಈ ದಾರಿಗಳಲ್ಲೇ ಬಂದು ತುಮಕೂರಿನ ಸುತ್ತಮುತ್ತ ನೆಲೆ ನಿಂತರು. ಬರುವಾಗ ಟ್ರಂಕಿನಲ್ಲಿ ಬಟ್ಟೆ ಇತ್ತು, ಬಾಯಲ್ಲಿ ಬ್ಯಾರಿ ಭಾಷೆ ಇತ್ತು, ಊರಿನ ಪಳ್ಳಿಯ ದರ್ಸಿನಲ್ಲಿ ಕಲಿತ ಬೈತೂ ಇತ್ತು.

ಇಲ್ಲಿ ಹುಟ್ಟಿದ ಮಕ್ಕಳ ಪರಿಸ್ಥಿತಿ ಬೇರೆ. ಉಮ್ಮನ ಹತ್ತಿರ ಬ್ಯಾರಿ, ಬೀದಿಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಉಮ್ಮ ಬ್ಯಾರಿಯಲ್ಲಿ ಕೇಳಿದರೆ ಮಗ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ಇಲ್ಲಿಯ ಹೆಚ್ಚಿನ ಮಸೀದಿಗಳಲ್ಲಿ ಉರ್ದು ನಅತ್, ಉರ್ದು ಸಲಾಂ. ಅದೂ ಚಂದವೇ, ನಮ್ಮ ಮಕ್ಕಳು ಅದನ್ನೂ ಕಲಿಯುತ್ತಾರೆ. ಆದರೆ ಅಜ್ಜಿಯ ಬಾಯಿಂದ ಮೊಮ್ಮಗುವಿನ ಬಾಯಿಗೆ ನೇರವಾಗಿ ಇಳಿಯುವಂಥದ್ದು ಏನು ಉಳಿದಿದೆ ಎಂದು ಹುಡುಕಿದರೆ ಮಾಲೆ, ಮೌಲಿದ್, ಬುರ್ದಾ ಇಷ್ಟೇ ಕೈಗೆ ಸಿಗುತ್ತವೆ. ಭಾಷೆ ಸವೆದ ಮನೆಯಲ್ಲೂ ಹಾಡು ಉಳಿಯುತ್ತದೆ. ಹಾಡೂ ಹೋದರೆ ಊರಿನ ಜೊತೆ ಇರುವ ನಂಟು ವರ್ಷಕ್ಕೊಂದು ಮದುವೆ ಕಾಗದಕ್ಕೆ ಬಂದು ನಿಲ್ಲುತ್ತದೆ.

ಹತ್ತು ವರ್ಷದವರಿಗೆ ಜೇಡ ಮತ್ತು ಪಾರಿವಾಳ

ಹತ್ತು ವರ್ಷದ ಮಗುವಿಗೆ ಬುರ್ದಾದಲ್ಲಿ ಇಷ್ಟವಾಗುವುದು ನಾಲ್ಕನೇ, ಐದನೇ ಅಧ್ಯಾಯ. ಪ್ರವಾದಿಯವರ ಜನನದ ರಾತ್ರಿ ಪಾರಸೀಕ ದೊರೆಯ ಅರಮನೆ ಬಿರುಕು ಬಿಟ್ಟದ್ದು, ಅವರ ಬೆಂಕಿ ಆರಿಹೋದದ್ದು, ಸಾವಾ ಸರೋವರ ಬತ್ತಿದ್ದು, ಸೌರ್ ಗುಹೆಯ ಬಾಯಲ್ಲಿ ಜೇಡ ಬಲೆ ಕಟ್ಟಿದ್ದು, ಪಾರಿವಾಳ ಕಾವಲು ಕೂತದ್ದು, ಬಿಸಿಲಲ್ಲಿ ಮೋಡ ನೆರಳು ಕೊಟ್ಟದ್ದು ಎಲ್ಲ ಅಲ್ಲಿ ಬರುತ್ತದೆ.

ಕುಣಿಗಲ್ ಕಡೆಯ ಮಕ್ಕಳಿಗೆ ಸರೋವರದ ಕಥೆ ಹೇಳಿದರೆ ಕೂಡಲೇ ಪ್ರಶ್ನೆ ಬರುತ್ತದೆ: “ನಮ್ಮ ದೊಡ್ಡಕೆರೆಯಷ್ಟು ದೊಡ್ಡದಿತ್ತಾ ಉಸ್ತಾದ್? ಒಂದೇ ರಾತ್ರಿಯಲ್ಲಿ ಅಷ್ಟು ನೀರು ಎಲ್ಲಿ ಹೋಯಿತು?” ಅವರಿಗೆ ಆ ವಯಸ್ಸಿಗೆ ಬೇಕಾದ ಅರ್ಥ ಅಷ್ಟೇ. ಅಚ್ಚರಿ ಹುಟ್ಟಿದರೆ ಸಾಕು. ಒಬ್ಬ ದೊಡ್ಡವರು ಬರುವಾಗ ಲೋಕವೇ ಅಲುಗಾಡಿತು ಎಂಬುದು ಮನಸ್ಸಿಗೆ ಹೋದರೆ ಉಳಿದದ್ದು ಆಮೇಲೆ. ಆ ವಯಸ್ಸಿನವರಿಗೆ ನಫ್ಸ್, ತೌಬಾ, ಆಯುಷ್ಯದ ಲೆಕ್ಕ ಎಂದು ವಿವರಿಸಿದರೆ ಅವರು ಕಿಟಕಿಯ ಹೊರಗೆ ನೋಡುತ್ತಾರೆ, ನೋಡಲಿ. ಆ ಸಾಲುಗಳನ್ನೂ ಬಾಯಲ್ಲಿ ಹೇಳಿಸಿ ಇಟ್ಟರೆ ಆಯಿತು.

ಹದಿನೆಂಟರವರಿಗೆ ಕುದುರೆ

ಹದಿಮೂರು, ಹದಿನಾಲ್ಕರಲ್ಲಿ ಹುಡುಗರ ಸ್ವರ ಒಡೆಯುತ್ತದೆ. ಮೌಲಿದಿಗೆ ಮುಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದವನು ಹಿಂದೆ ಹೋಗಿ ಗೋಡೆಗೆ ಒರಗುತ್ತಾನೆ. ಹುಡುಗಿಯರು ಮದ್ರಸ ಬಿಟ್ಟ ಮೇಲೆ ಗುಂಪು ಚದುರುತ್ತದೆ. ಕೈಗೆ ಫೋನ್ ಬರುತ್ತದೆ, ಕಿವಿಗೆ ಬೇರೆ ಹಾಡು ಬರುತ್ತದೆ. ಹೆಚ್ಚಿನ ಪೋಷಕರು ಗಾಬರಿಯಾಗುವುದು ಈ ಹೊತ್ತಿನಲ್ಲಿ. “ಕಲಿತದ್ದೆಲ್ಲ ನೀರಿಗೆ ಹೋಯಿತು” ಎನ್ನುತ್ತಾರೆ.

ಹೋಗಿರುವುದಿಲ್ಲ. ಬುರ್ದಾದ ಮೊದಲ ಎರಡು ಅಧ್ಯಾಯಗಳು ಇದೇ ವಯಸ್ಸಿಗಾಗಿ ಕಾಯುತ್ತಿರುತ್ತವೆ. ಮೊದಲನೆಯದು ಪ್ರೀತಿಯ ಕಣ್ಣೀರು. ಮರೆಮಾಚಲು ಹೋದರೂ ಕಣ್ಣು, ಸೊರಗಿದ ಮೈ ಎರಡೂ ಸಾಕ್ಷಿ ಹೇಳುತ್ತವೆ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಹತ್ತು ವರ್ಷದಲ್ಲಿ ಅದನ್ನು ಗಿಳಿಪಾಠ ಹೇಳಿದವನಿಗೆ ಇಪ್ಪತ್ತರಲ್ಲಿ ಅದು ತನ್ನದೇ ಎದೆಯ ಮಾತಾಗಿ ಕೇಳುತ್ತದೆ. ಹಿಂದಿನ ಉಲಮಾಗಳು ಈ ಭಾಗವನ್ನು ಕತ್ತರಿಸಿ ಹಾಕಲಿಲ್ಲ, ಗಮನಿಸಬೇಕು. ಮನುಷ್ಯನ ಪ್ರೀತಿ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದಲೇ ಇಮಾಂ ಬೂಸೀರಿ ಕೈಹಿಡಿದು ಕರಕೊಂಡು ಹೋಗುತ್ತಾರೆ.

ಎರಡನೇ ಅಧ್ಯಾಯದಲ್ಲಿ ನಫ್ಸಿನ ಮಾತು ಬರುತ್ತದೆ. ಹದ್ದು ಮೀರಿದ ನಫ್ಸನ್ನು ಅವರು ಕಡಿವಾಣಕ್ಕೆ ಬಗ್ಗದ ಕುದುರೆಗೆ ಹೋಲಿಸುತ್ತಾರೆ. ಈ ಹೋಲಿಕೆಯನ್ನು ವಿವರಿಸಲು ನಮಗೆ ಪುಸ್ತಕ ಬೇಕಾಗಿಲ್ಲ, ಕುಣಿಗಲ್ ಉಂಟು. ಟಿಪ್ಪು ಸುಲ್ತಾನರ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅದು, ಅಲ್ಲಿಯ ಕುದುರೆ ಫಾರಂ ದೇಶಕ್ಕೇ ಹೆಸರುವಾಸಿ. ಒಳ್ಳೆಯ ತಳಿಯ ಕುದುರೆಯೇ ಹೆಚ್ಚು ಹಾರಾಡುವುದು ಎಂದು ಕುದುರೆ ಸಾಕುವವರು ಹೇಳುತ್ತಾರೆ. ಹಾರಾಡುವ ಕುದುರೆಯನ್ನು ಯಾರೂ ಕೊಲ್ಲುವುದಿಲ್ಲ, ಕಡಿವಾಣ ಹಾಕಿ ಓಡಲು ಕಲಿಸುತ್ತಾರೆ. ಹದಿನೆಂಟರ ಹುಡುಗನಿಗೆ ಹೇಳಬೇಕಾದದ್ದು ಇದೇ ಮಾತು. “ನೀನು ಕೆಟ್ಟವನು” ಎಂದರೆ ಅವನು ಎದ್ದು ಹೋಗುತ್ತಾನೆ. “ನಿನ್ನಲ್ಲಿ ಓಟ ಉಂಟು, ಕಡಿವಾಣ ಯಾರ ಕೈಯಲ್ಲಿ?” ಎಂದರೆ ಸ್ವಲ್ಪ ನಿಲ್ಲುತ್ತಾನೆ.

ಅದರ ಹತ್ತಿರವೇ ಇನ್ನೊಂದು ಹೋಲಿಕೆ ಬರುತ್ತದೆ. ನಫ್ಸು ಹಾಲು ಕುಡಿಯುವ ಮಗುವಿನ ಹಾಗೆ, ಬಿಟ್ಟರೆ ಕುಡಿಯುತ್ತಲೇ ದೊಡ್ಡದಾಗುತ್ತದೆ, ಬಿಡಿಸಿದರೆ ಬಿಡುತ್ತದೆ ಎಂಬ ಅರ್ಥ. ಇದನ್ನು ಹೆಣ್ಣುಮಕ್ಕಳು ಮದ್ರಸದಲ್ಲಿ ಎಷ್ಟು ಸಲ ಹಾಡಿದರೂ ಅದು ಪೂರ್ತಿ ಅರ್ಥವಾಗುವುದು ತಾವೇ ಉಮ್ಮ ಆಗಿ ಮಗುವಿಗೆ ಹಾಲು ಬಿಡಿಸುವ ವಾರದಲ್ಲಿ. ಮಗು ರಾತ್ರಿ ಇಡೀ ಅಳುತ್ತದೆ, ಜೊತೆಗೆ ಉಮ್ಮನೂ ಅಳುತ್ತಾಳೆ, ಆದರೂ ಬಿಡಿಸದೆ ವಿಧಿಯಿಲ್ಲ. ನಾಲ್ಕನೇ ದಿನ ಮಗು ಗಂಜಿ ತಿಂದು ನಗುತ್ತದೆ. ಆ ಸಾಲನ್ನು ನಮ್ಮಂಥ ಉಸ್ತಾದರು ಹತ್ತು ಸಲ ವಿವರಿಸಿದರೂ ಆ ಉಮ್ಮನಿಗೆ ಸಿಕ್ಕಿದಷ್ಟು ಅರ್ಥ ಯಾರಿಗೂ ಸಿಗಲಿಕ್ಕಿಲ್ಲ.

ನಲವತ್ತರವರಿಗೆ ವ್ಯಾಪಾರದ ಲೆಕ್ಕ

ನಲವತ್ತು ದಾಟಿದವರು ಕನ್ನಡಿ ಮುಂದೆ ನಿಂತರೆ ಒಬ್ಬ ಹೊಸ ನೆಂಟ ಕಾಣುತ್ತಾನೆ, ಬಿಳಿ ಕೂದಲು. ಕರೆಯದೆ ಬಂದ ಈ ನೆಂಟನಿಗೆ ಒಳ್ಳೆಯ ಕೆಲಸದ ಸತ್ಕಾರ ಸಿದ್ಧ ಮಾಡಿಟ್ಟಿಲ್ಲವಲ್ಲ ಎಂಬ ಚಿಂತೆಯೂ ಬುರ್ದಾದ ಎರಡನೇ ಅಧ್ಯಾಯದಲ್ಲಿ ಉಂಟು. ಸೂರಃ ಅರ್ರೂಮ್‌ನ 54ನೇ ವಚನದಲ್ಲಿ ಅಲ್ಲಾಹನು ಮನುಷ್ಯನ ಮೂರು ಕಾಲಗಳನ್ನು ನೆನಪಿಸುತ್ತಾನೆ: ಮೊದಲು ಬಲಹೀನತೆ, ಆಮೇಲೆ ಬಲ, ಮತ್ತೆ ಬಲಹೀನತೆ, ಅದರ ಜೊತೆ ನರೆ. ಮಳೆ, ಚಳಿ, ಬೇಸಿಗೆ ಇದ್ದ ಹಾಗೆ ಇವೂ ಬಂದೇ ಬರುತ್ತವೆ, ಯಾರೂ ತಡೆಯಲು ಆಗುವುದಿಲ್ಲ.

ವ್ಯಾಪಾರಿಗಳಾದ ನಮ್ಮವರಿಗೆ ಹತ್ತಿರವಾಗುವುದು ಒಂಬತ್ತನೇ ಅಧ್ಯಾಯ. ಅಲ್ಲಿ ಕವಿ ತನ್ನ ಆಯುಷ್ಯದ ಲೆಕ್ಕ ಹಾಕುತ್ತಾರೆ. ದೊಡ್ಡವರನ್ನು ಹೊಗಳುವುದರಲ್ಲಿ, ಅವರ ಚಾಕರಿಯಲ್ಲಿ ಕಳೆದ ದಿನಗಳನ್ನು ನೆನೆದು, ದುನಿಯಾ ಕೊಟ್ಟು ದೀನನ್ನು ಕೊಳ್ಳದ ಆತ್ಮದ ವ್ಯಾಪಾರ ಎಂಥ ನಷ್ಟದ್ದು ಎಂದು ಮರುಗುತ್ತಾರೆ.

ಗುಬ್ಬಿ, ತಿಪಟೂರು ಕಡೆ ತೆಂಗು ಕೊಬ್ಬರಿಯ ವಹಿವಾಟು ಮಾಡುವವರಿಗೆ ನಷ್ಟ ಎಂದರೇನು ಎಂದು ಹೇಳಿಕೊಡುವುದು ಬೇಡ. ರೇಟು ಏರಿದಾಗ ಮಾಲು ಇರುವುದಿಲ್ಲ, ಮಾಲು ತುಂಬಿದಾಗ ರೇಟು ಇಳಿಯುತ್ತದೆ. ಆದರೂ ಆ ನಷ್ಟ ಮುಂದಿನ ಸೀಸನ್ನಿಗೆ ತುಂಬಬಹುದು. ಬೆಳಿಗ್ಗೆ ಐದಕ್ಕೆ ಬೇಕರಿಯ ಷಟರ್ ಎತ್ತಿ ರಾತ್ರಿ ಹನ್ನೊಂದಕ್ಕೆ ಇಳಿಸುವ ಮನುಷ್ಯ, ಮಗ ಯಾವ ಕ್ಲಾಸಿನಲ್ಲಿ ಇದ್ದಾನೆ ಎಂದು ಹೆಂಡತಿಯನ್ನು ಕೇಳಬೇಕಾಗಿ ಬಂದರೆ ಆ ನಷ್ಟ ಯಾವ ಸೀಸನ್ನಿಗೆ ತುಂಬುತ್ತದೆ? ಇದು ಯಾರನ್ನೂ ಚುಚ್ಚಲು ಹೇಳುವ ಮಾತಲ್ಲ. ಬಾಡಿಗೆ, ಸಾಲ, ಮಕ್ಕಳ ಫೀಸು ಎಲ್ಲ ನಮಗೂ ಗೊತ್ತುಂಟು. ಒಂಬತ್ತನೇ ಅಧ್ಯಾಯ ಹಾಡುವ ದಿನ ಮಜ್ಲಿಸಿನಲ್ಲಿ ಸ್ವರ ತಗ್ಗುವುದು ಹಿರಿಯ ವ್ಯಾಪಾರಿಗಳದ್ದೇ ಎಂಬುದನ್ನು ಮಾತ್ರ ನಾವು ಗಮನಿಸಿದ್ದೇವೆ. ಪಕ್ಕದಲ್ಲಿ ಕೂತ ಮಕ್ಕಳು ಅದೇ ಸಾಲನ್ನು ದೊಡ್ಡ ದನಿಯಲ್ಲಿ ನಗುನಗುತ್ತಾ ಹೇಳುತ್ತಿರುತ್ತಾರೆ. ಒಂದೇ ಚಾಪೆ, ಒಂದೇ ಸಾಲು, ಕೇಳುವ ವಯಸ್ಸು ಮಾತ್ರ ಬೇರೆ ಬೇರೆ.

ಕೊನೆಗೆ ಉಳಿಯುವುದು

ಹತ್ತನೇ ಅಧ್ಯಾಯ ಪ್ರಾರ್ಥನೆ. ತಪ್ಪು ದೊಡ್ಡದೆಂದು ನಿರಾಶರಾಗಬೇಡಿ, ಅಲ್ಲಾಹನ ಕ್ಷಮೆ ಅದಕ್ಕಿಂತ ದೊಡ್ಡದು ಎಂಬುದು ಅದರ ಸಾರ. ಇದು ಮುಪ್ಪಿನವರ, ರೋಗಿಗಳ ಅಧ್ಯಾಯ. ಬರೆದವರೂ ಹಾಸಿಗೆ ಹಿಡಿದವರೇ ಆಗಿದ್ದರಲ್ಲ.

ವಯಸ್ಸಾಗಿ ನೆನಪು ಮಂಕಾದ ಉಮ್ಮಂದಿರು ನಮ್ಮ ಸುತ್ತ ಇದ್ದಾರೆ. ಮಗನ ಹೆಸರು ತಪ್ಪುತ್ತದೆ, ಮಧ್ಯಾಹ್ನ ಊಟ ಮಾಡಿದ್ದು ಮರೆಯುತ್ತದೆ. ಆದರೆ ಹತ್ತಿರ ಕೂತು ಬೈತಿನ ಅರ್ಧ ಸಾಲು ಹೇಳಿ ನಿಲ್ಲಿಸಿದರೆ ಉಳಿದರ್ಧ ಅವರ ಬಾಯಿಂದ ತಾನಾಗಿ ಬರುತ್ತದೆ. ಚಿಕ್ಕಂದಿನಲ್ಲಿ ರಾಗದ ಜೊತೆ ಒಳಗೆ ಹೋದದ್ದು ಎಲ್ಲಕ್ಕಿಂತ ಕೊನೆಗೆ ಹೊರಗೆ ಬರುತ್ತದೆ. ಅಂಥ ಹೊತ್ತಿನಲ್ಲಿ ಮಕ್ಕಳಿಗೆ ಉಮ್ಮನ ಜೊತೆ ಮಾತಾಡಲು ಉಳಿಯುವ ಭಾಷೆ ಆ ಹಾಡೇ. ಅರ್ಧ ಸಾಲು ಹೇಳಿಕೊಡುವ ಮಗನಿಗೇ ಆ ಬೈತ್ ಬರದಿದ್ದರೆ?

ನೆರೆಹೊರೆಯಲ್ಲೂ ಹೀಗೆಯೇ

ಇದು ನಮ್ಮದು ಮಾತ್ರ ಎಂದು ತಿಳಿಯಬೇಡಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಹುಡುಗರು ದಿನವೂ ಬೆಳಿಗ್ಗೆ ಸಂಜೆ ಒಟ್ಟಿಗೆ ಕೂತು ಪ್ರಾರ್ಥನೆ ಹೇಳುತ್ತಾರೆ. ಅಲ್ಲಿ ಊಟ ಮಾಡಿ ಓದಿ ದೊಡ್ಡವರಾದವರು ನಮ್ಮ ನೆರೆಯಲ್ಲೇ ಇದ್ದಾರೆ. ಆಗ ಬಾಯಿಪಾಠ ಹೇಳಿದ್ದು ಈಗ ತಿಳಿಯುತ್ತಿದೆ ಎಂಬ ಮಾತು ಅವರಿಂದಲೂ ಕೇಳಿಬರುತ್ತದೆ.

ಗುಬ್ಬಿಯ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಅದರ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ಗುಬ್ಬಿ ವೀರಣ್ಣನವರು ಅಲ್ಲಿಗೆ ಬಂದದ್ದು ಬಾಲನಟನಾಗಿ, ಆಮೇಲೆ ಅದರ ಮಾಲೀಕರೇ ಆದರು. ಅಂದಿನ ಕಂಪನಿಗಳಲ್ಲಿ ಹುಡುಗ ಪಾತ್ರ ಹಾಕಿದವರು ಬೆಳೆದ ಹಾಗೆ ನಾಯಕ, ಮತ್ತೆ ಮುದುಕನ ಪಾತ್ರ ಹಾಕುತ್ತಾ ಹೋಗುತ್ತಿದ್ದರು. ನಾಟಕ ಅದೇ ಇರುತ್ತಿತ್ತು, ಅದರೊಳಗೆ ಮನುಷ್ಯ ಬೆಳೆಯುತ್ತಿದ್ದ. ಕುಣಿಗಲ್ ಕೆರೆಯ ಚಂದವನ್ನು ಹಾಡುವ ಜನಪದ ಗೀತೆಯನ್ನು ನಮ್ಮ ಮಕ್ಕಳೂ ಶಾಲೆಯಲ್ಲಿ ಹಾಡುತ್ತಾರೆ. ಒಳ್ಳೆ ಮಳೆಯಾದ ವರ್ಷ ಕೆರೆ ತುಂಬುತ್ತದೆ, ಮಳೆ ಕೈಕೊಟ್ಟರೆ ಇಳಿಯುತ್ತದೆ, ಹಾಡು ಇದ್ದ ಹಾಗೇ ಇರುತ್ತದೆ. ತುಂಬಿದ ಕೆರೆ ನೋಡಿ ಹಾಡಿದವನಿಗೂ ಇಳಿದ ಕೆರೆ ನೋಡಿ ಹಾಡಿದವನಿಗೂ ಅದು ಒಂದೇ ತರ ಕೇಳುತ್ತದಾ?

ಮನೆಯಲ್ಲಿ ಮಾಡಬಹುದಾದದ್ದು

ಪೋಷಕರ ಪ್ರಶ್ನೆಯಲ್ಲಿ ಒಂದು ನ್ಯಾಯ ಉಂಟು. ಅರ್ಥ ಆಮೇಲೆ ಬರುತ್ತದೆ ಎಂದು ಕೈಕಟ್ಟಿ ಕೂತರೆ ಅದು ಕೆಲವರಿಗೆ ಬಾರದೆಯೇ ಹೋಗಬಹುದು. ಬಾಯಿಪಾಠ ಮದ್ರಸದಲ್ಲಿ ಆಗುತ್ತದೆ, ಅರ್ಥಕ್ಕೆ ಮನೆಯವರ ಸಹಾಯ ಬೇಕು. ದೊಡ್ಡ ಏರ್ಪಾಡು ಏನೂ ಬೇಡ.

ವಾರಕ್ಕೆ ಒಂದು ಮಗ್ರಿಬ್ ಸಾಕು. ಟಿವಿ, ಫೋನ್ ಬದಿಗಿಟ್ಟು ಹದಿನೈದು ನಿಮಿಷ ಒಂದು ಅಧ್ಯಾಯ ಹೇಳಿ. ಅಂಗಡಿ ಇರುವವರು ಗುರುವಾರ ಸಂಜೆ ಆ ಕಾಲು ಗಂಟೆಗೆ ಹುಡುಗನನ್ನು ಗಲ್ಲಾದಲ್ಲಿ ಕೂರಿಸಿ ಮನೆಗೆ ಬನ್ನಿ. ಮುಗಿದ ಮೇಲೆ ಒಂದೇ ಒಂದು ಸಾಲಿನ ಅರ್ಥವನ್ನು ಬ್ಯಾರಿಯಲ್ಲೇ ಹೇಳಿ, ಎರಡು ಬೇಡ. ಅರ್ಥ ಗೊತ್ತಿಲ್ಲದಿದ್ದರೆ ಮದ್ರಸದ ಉಸ್ತಾದರಲ್ಲಿ ಕೇಳಿ. ಮಗುವಿಗೆ ಜೇಡದ ಸಾಲು, ದೊಡ್ಡ ಮಗನಿಗೆ ಕುದುರೆಯ ಸಾಲು, ವಯಸ್ಸು ನೋಡಿ ಆರಿಸಿ.

ಸ್ವರ ಒಡೆದ ಹುಡುಗನನ್ನು ಎಲ್ಲರ ಮುಂದೆ ಹಾಡು ಎಂದು ಒತ್ತಾಯ ಮಾಡಬೇಡಿ, ಅವನ ಸ್ವರ ಕೇಳಿ ನಗಲೂಬೇಡಿ. ಕೈಗೆ ದಫ್ ಕೊಡಿ, ಅಥವಾ ಸ್ವಲಾತ್ ಹೇಳುವವರ ನಡುವೆ ಕೂರಿಸಿ. ಎರಡು ವರ್ಷದಲ್ಲಿ ಸ್ವರ ನಿಲ್ಲುತ್ತದೆ, ಆಗ ಅವನಿಗೆ ಚಾಪೆಯ ಮೇಲೆ ಜಾಗ ಇರಬೇಕು. ಹೆಣ್ಣುಮಕ್ಕಳು ಮದ್ರಸ ಬಿಟ್ಟ ಮೇಲೂ ಮನೆಯ ಹೆಂಗಸರ ಜೊತೆ ಓದುವುದನ್ನು ಬಿಡಿಸಬೇಡಿ. ನಾಳೆ ಮಕ್ಕಳಿಗೆ ಹೇಳಿಕೊಡುವವರು ಅವರೇ.

ಅಜ್ಜಿ ಇದ್ದರೆ ಅವರು ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ಊರಿಂದ ಊರಿಗೆ ಬುರ್ದಾದ ರಾಗ ಬೇರೆ ಇರುತ್ತದೆ. ನಿಮ್ಮ ಊರಿನ ರಾಗ ಯೂಟ್ಯೂಬಿನಲ್ಲಿ ಸಿಗಲಿಕ್ಕಿಲ್ಲ. ಜೊತೆಗೆ “ನಿಮಗೆ ಯಾವ ಸಾಲು ಇಷ್ಟ? ಯಾವಾಗಿನಿಂದ ಇಷ್ಟ?” ಎಂದು ಅವರಲ್ಲಿ ಕೇಳಿ ನೋಡಿ. ಅವರು ಸಾಲು ಹೇಳಿ ಸುಮ್ಮನಾಗುವುದಿಲ್ಲ. ಮದುವೆಯ ದಿನ, ಘಟ್ಟ ಹತ್ತಿ ಬಂದ ದಿನ, ಯಾರನ್ನೋ ಕಳೆದುಕೊಂಡ ದಿನ ಒಂದೊಂದಾಗಿ ಹೊರಗೆ ಬರುತ್ತವೆ. ನಿಮ್ಮ ಮನೆಯ ಚರಿತ್ರೆ ಅದರಲ್ಲಿ ಉಂಟು.

ಹತ್ತನೇ ಅಧ್ಯಾಯ ನಮಗೆ ನಿಜವಾಗಿ ಬೇಕಾಗುವ ದಿನ ಅದನ್ನು ಕಲಿಯಲು ಸಮಯವೂ ಇರುವುದಿಲ್ಲ, ಶಕ್ತಿಯೂ ಇರುವುದಿಲ್ಲ. ಹತ್ತು ವರ್ಷಕ್ಕೆ ಯಾರೋ ಒಬ್ಬ ಉಸ್ತಾದರು, ಯಾರೋ ಒಬ್ಬ ಉಮ್ಮ ಬಾಯಿಗೆ ಹಾಕಿಟ್ಟಿದ್ದರೆ ಅದು ಆ ದಿನ ಕೈಹಿಡಿಯುತ್ತದೆ. ನಮ್ಮ ಮಕ್ಕಳಿಗೆ ಅಂಥದ್ದೊಂದನ್ನು ಕೊಟ್ಟು ಹೋಗುವ ತೌಫೀಕ್ ಅಲ್ಲಾಹನು ನಮಗೆಲ್ಲರಿಗೂ ನೀಡಲಿ, ಆಮೀನ್.